ಕಕ್ಕಡದ ಮಳೆಯಲ್ಲಿ ಸರಳೆ ವರಸೆ

ಮಗುವನ್ನು ಸಂಗೀತಕ್ಕೆ ಸೇರಿಸಿದರೆ ಲೆಕ್ಕದಲ್ಲಿ ಚುರುಕಾಗುತ್ತದೆ, ಭರತನಾಟ್ಯಕ್ಕೆ ಸೇರಿಸಿದರೆ ಏಕಾಗ್ರತೆ ಬರುತ್ತದೆ, ಯಾವುದಕ್ಕೆ ಸೇರಿಸಿದರೂ ನಮ್ಮ ಸಂಸ್ಕೃತಿ ಉಳಿಯುತ್ತದೆ. ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಈ ಮೂರು ಮಾತು ತಪ್ಪದೆ ಬರುತ್ತವೆ. ಮೊದಲನೆಯದಕ್ಕೆ ಲೆಕ್ಕದ ಮೇಷ್ಟ್ರೇ ಸಾಕು. ಮೂರನೆಯದನ್ನು ಎಂಟು ವರ್ಷದ ಮಗುವಿನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಎರಡನೆಯದರಲ್ಲಿ ಒಂದಿಷ್ಟು ಹುರುಳಿದೆ. ಆದರೆ ಅದು ತಾನಾಗಿ ಬರುವಂಥದ್ದಲ್ಲ, ಏನು ಕಲಿಸುತ್ತಾರೆ ಎನ್ನುವುದಕ್ಕಿಂತ ಹೇಗೆ ಕಲಿಸುತ್ತಾರೆ ಎನ್ನುವುದರ ಮೇಲೆ ನಿಂತಿದೆ.

ಈಗಿನ ಮಕ್ಕಳಿಗೆ ಶಾಸ್ತ್ರೀಯ ಕಲೆಯಿಂದ ಸಿಗಬಹುದಾದ, ಬೇರೆ ಕಡೆ ಸುಲಭಕ್ಕೆ ಸಿಗದ ಸಂಗತಿ ನನ್ನ ಲೆಕ್ಕದಲ್ಲಿ ಒಂದೇ: ತನ್ನ ತಪ್ಪನ್ನು ಇನ್ನೊಬ್ಬರು ತೋರಿಸುವ ಮೊದಲು ತಾನೇ ಹಿಡಿಯುವುದು. ಶಾಲೆಯಲ್ಲಿ ತಪ್ಪಿಗೆ ಕೆಂಪು ಶಾಯಿ ಬೀಳುತ್ತದೆ. ಮೊಬೈಲಿನ ಆಟದಲ್ಲಿ ಸೋತರೆ ಪರದೆಯೇ ಹೇಳುತ್ತದೆ. ತಂಬೂರಿಯ ಮುಂದೆ ಕೂತ ಮಗುವಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಸ್ವರ ಕೂಡಿತೋ ಇಲ್ಲವೋ ಎಂದು ಕಿವಿಯೇ ತೀರ್ಮಾನಿಸಬೇಕು.

ಕೊಡಗಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ, ತೋಟದ ನಡುವೆ ಒಂಟಿಯಾಗಿವೆ. ನಾಪೋಕ್ಲಿನ ಆಚೆಯ ಮಗುವೋ ಶ್ರೀಮಂಗಲದ ಕಡೆಯ ಮಗುವೋ ಮಡಿಕೇರಿ, ವಿರಾಜಪೇಟೆ ಅಥವಾ ಗೋಣಿಕೊಪ್ಪಕ್ಕೆ ಬಂದು ಕಲಿಯಬೇಕೆಂದರೆ ವಾರಕ್ಕೆ ಒಂದೇ ತರಗತಿ, ಅದೂ ಬಸ್ಸು ಸಿಕ್ಕಿದರೆ. ಉಳಿದ ಆರು ದಿನ ಗುರುಗಳ ಕಿವಿ ಪಕ್ಕದಲ್ಲಿ ಇರುವುದಿಲ್ಲ. ತನ್ನ ತಪ್ಪು ತನಗೆ ಕೇಳಿಸದ ಮಗು ಆ ಆರು ದಿನವೂ ತಪ್ಪನ್ನೇ ಗಟ್ಟಿ ಮಾಡುತ್ತದೆ. ಏಳನೆಯ ದಿನ ಗುರುಗಳು ಅದನ್ನು ಬಿಡಿಸಲು ಕೂರಬೇಕು. ಹೊಸ ಪಾಠಕ್ಕೆ ಹೊತ್ತೇ ಉಳಿಯುವುದಿಲ್ಲ.

ಹಾಗಾಗಿ ಶ್ರುತಿಯಿಂದಲೇ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ನಾದದಿಂದಲೇ, ಶುರು ಮಾಡಬೇಕು. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಇಡುವ ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೆಯ ಬಿಳಿ ಮನೆ) ಷಡ್ಜ, ಅಂದರೆ ಸ, ಸುಮಾರು 196 ಹರ್ಟ್ಸ್, ತಂಬೂರಿಯ ಮಂದ್ರ (ಕೆಳಗಿನ) ಷಡ್ಜದ ತಂತಿ ಅದರ ಅರ್ಧ, 98. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಈ ಕೆಳಗಿನ ನಾದ ಹೆಚ್ಚುಕಡಿಮೆ ಬರುವುದೇ ಇಲ್ಲ, ಮೇಲಿನ ಝೇಂಕಾರವಷ್ಟೇ ಬರುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು ಹಾಡಿದರೂ ಮಗು ಶ್ರುತಿ ಬಿಡುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಬೈಗುಳ ಮಾತ್ರ ಮಗುವಿಗೆ. ಫೋನಿಗೆ ಸಣ್ಣದೊಂದು ಬ್ಲೂಟೂತ್ ಸ್ಪೀಕರ್ ಜೋಡಿಸಿ, ಕೂತ ಮಗುವಿನ ಕಿವಿಯ ಎತ್ತರಕ್ಕೆ ಇಟ್ಟರೆ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಶೀಟಿನ ಮಾಡಿನ ಮನೆಯಲ್ಲಿ ಜುಲೈ ತಿಂಗಳ ಮಳೆಗೆ ತಂಬೂರಿ ಕೇಳಿಸುವುದಿಲ್ಲ. ಆಗ ಸದ್ದು ಹೆಚ್ಚಿಸುವ ಬದಲು ಒಳಕೋಣೆಗೆ ಹೋಗುವುದು ಒಳ್ಳೆಯದು. ತಂಬೂರಿಯ ಸದ್ದು ಜೋರಾದಷ್ಟೂ ಮಗು ಕಿರುಚಲು ಕಲಿಯುತ್ತದೆ.

ಕ್ರಮ ಹೀಗೆ. ಮೊದಲ ಎರಡು ನಿಮಿಷ ಬಾಯಿ ಮುಚ್ಚಿ ತಂಬೂರಿಯನ್ನಷ್ಟೇ ಕೇಳುವುದು. ಆಮೇಲೆ ಅಕಾರದಲ್ಲಿ ಷಡ್ಜ, ಒಂದು ಉಸಿರಿಗೆ ಎಂಟು ಹತ್ತು ಸೆಕೆಂಡು, ಐದು ಸಲ. ನಂತರ ಪಂಚಮ (ಪ), ಕೊನೆಗೆ ಮೇಲಿನ ಷಡ್ಜ. ಸ್ವರ ಕೂದಲೆಳೆಯಷ್ಟು ತಪ್ಪಿದರೂ ಎರಡು ನಾದಗಳ ನಡುವೆ ಅಲೆಯಂಥ ಒಂದು ಕಂಪನ ಕೇಳುತ್ತದೆ. ತಪ್ಪು ಕಡಿಮೆಯಾದಂತೆ ಅಲೆ ನಿಧಾನವಾಗಿ, ಕೂಡಿದಾಗ ನಿಂತೇಹೋಗುತ್ತದೆ, ಹಾಡುವವರಿಗೆ ತನ್ನ ದನಿ ತಂಬೂರಿಯೊಳಗೆ ಕರಗಿದಂತೆ ಅನ್ನಿಸುತ್ತದೆ. ಈ ಅಲೆಯನ್ನು ಒಮ್ಮೆ ಗುರುತು ಹಿಡಿದ ಮಗುವಿಗೆ ‘ಶ್ರುತಿ ಇಲ್ಲ’ ಎಂದು ಪದೇ ಪದೇ ಹೇಳಬೇಕಿಲ್ಲ. ಉಸಿರು ಮುಗಿಯುವ ಕೊನೆಯ ಎರಡು ಸೆಕೆಂಡಿನಲ್ಲಿ ಸ್ವರ ಕುಸಿಯುವುದು ಎಲ್ಲರಲ್ಲೂ ಇರುವ ದೋಷ. ಉಸಿರು ಪೂರ್ತಿ ಖಾಲಿಯಾಗುವ ಮೊದಲೇ ನಿಲ್ಲಿಸಿದರೆ ಸರಿಹೋಗುತ್ತದೆ.

ಕರ್ನಾಟಕ ಸಂಗೀತದ ಮೊದಲ ಸ್ವರಪಾಠಗಳಾದ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳ ಪಾಠಕ್ರಮ ಪುರಂದರದಾಸರು ಹಾಕಿಕೊಟ್ಟದ್ದು ಎಂಬುದು ಪರಂಪರೆಯ ಮಾತು. ಹದಿನೈದನೆಯ ಮೇಳವಾದ (ಜನಕರಾಗವಾದ) ಮಾಯಾಮಾಳವಗೌಳದಲ್ಲೇ ಯಾಕೆ ಎಂದು ಕೇಳುವ ಮಕ್ಕಳು ಈಗ ಇದ್ದಾರೆ, ಕೇಳಬೇಕಾದ್ದೇ. ಈ ರಾಗದ ಕೆಳಗಿನ ನಾಲ್ಕು ಸ್ವರಗಳ (ಸ ರಿ ಗ ಮ) ನಡುವಿನ ಅಂತರ ಯಾವುದೋ, ಮೇಲಿನ ನಾಲ್ಕರ (ಪ ದ ನಿ ಸ) ಅಂತರವೂ ಅದೇ. ಸದಿಂದ ರಿಗೆ ಅತಿ ಸಣ್ಣ ಹೆಜ್ಜೆ, ರಿಯಿಂದ ಗಕ್ಕೆ ದೊಡ್ಡ ನೆಗೆತ, ಗದಿಂದ ಮಕ್ಕೆ ಮತ್ತೆ ಸಣ್ಣ ಹೆಜ್ಜೆ. ಕೆಳಗೆ ಕಲಿತದ್ದನ್ನು ಮೇಲೆ ಹಾಗೆಯೇ ಇಡಬಹುದು, ಸಣ್ಣ ಅಂತರ ದೊಡ್ಡ ಅಂತರ ಎರಡಕ್ಕೂ ಕಿವಿ ಪಳಗುತ್ತದೆ. ಕೆಡುವುದು ರಿಷಭ (ರಿ), ಧೈವತ (ದ) ಇವುಗಳಲ್ಲಿ. ಸಿನಿಮಾ ಹಾಡು, ಶಾಲೆಯ ಪ್ರಾರ್ಥನೆಗಳಲ್ಲಿ ಹೆಚ್ಚಾಗಿ ಕೇಳುವುದು ಮೇಲಿನ ರಿಷಭವನ್ನಾದ್ದರಿಂದ ಮಗುವಿನ ರಿ ತಾನಾಗಿ ಮೇಲಕ್ಕೇರುತ್ತದೆ. ಪೂರ್ತಿ ವರಸೆ ಹಾಡಿಸುತ್ತ ಹೋದರೆ ಇದು ತಿದ್ದುವುದಿಲ್ಲ. ‘ಸಾ ರೀ ಸಾ, ಸಾ ರೀ ಸಾ’ ಎಂದಷ್ಟೇ ಹತ್ತು ಸಲ, ನಂತರ ‘ಪಾ ದಾ ಪಾ’ ಹತ್ತು ಸಲ, ಆಮೇಲೆ ವರಸೆ.

ಇನ್ನು ಕಾಲ, ಅಂದರೆ ಹಾಡುವ ವೇಗ. ಆದಿತಾಳಕ್ಕೆ ಎಂಟು ಅಕ್ಷರ (ಎಣಿಕೆ): ನಾಲ್ಕರ ಲಘು, ಎರಡೆರಡರ ಎರಡು ದ್ರುತ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು; ಪೆಟ್ಟು, ತಿರುವು; ಪೆಟ್ಟು, ತಿರುವು. ಒಂದನೇ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಕೈಯ ವೇಗ ಮೂರರಲ್ಲೂ ಒಂದೇ ಇರಬೇಕು. ಹತ್ತು ಮಕ್ಕಳಲ್ಲಿ ಎಂಟು ಮಂದಿ ಎಡವುವುದು ಇಲ್ಲೇ: ಎರಡನೇ ಕಾಲ ಎಂದ ಕೂಡಲೇ ಕೈಯೂ ಓಡುತ್ತದೆ. ಆಗ ಆಗುವುದು ಒಂದನೇ ಕಾಲವನ್ನೇ ಅವಸರದಲ್ಲಿ ಹಾಡುವ ಕೆಲಸ, ಎರಡನೇ ಕಾಲ ಅಲ್ಲ. ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಮೊದಲು ಬರೀ ಕೈತಾಳ, ಆಮೇಲೆ ‘ತಕ’ ಎಂಬ ಎರಡು, ಆಮೇಲೆ ‘ತಕಧಿಮಿ’ ಎಂಬ ನಾಲ್ಕು ಅಕ್ಷರ ಬಾಯಲ್ಲಿ ಹೇಳಿಸಬೇಕು. ಸ್ವರ ಸೇರಿಸುವುದು ಇದೆಲ್ಲ ಆದ ಮೇಲೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋದಷ್ಟೇ ಸಲೀಸಾಗಿ ಮೂರರಿಂದ ಒಂದಕ್ಕೆ ಇಳಿಯಲು ಬಂದರೆ ಪಾಠ ಬಂತು ಎನ್ನಬಹುದು. ಏರುವುದಕ್ಕಿಂತ ಇಳಿಯುವುದು ಕಷ್ಟ. ಓಡುವ ಮನಸ್ಸನ್ನು ಅದರ ಓಟದ ನಡುವೆಯೇ ಹಿಡಿದು ನಿಲ್ಲಿಸುವ ಕೆಲಸ ಅದು. ಏಕಾಗ್ರತೆ ಎಂದು ಭಾಷಣದಲ್ಲಿ ಹೇಳುತ್ತಾರಲ್ಲ, ಅದು ಹುಟ್ಟುವುದು ಇಂಥ ಕಡೆ.

ಒಂದು ಮಾತು ಇಲ್ಲಿ ಹೇಳಬೇಕು. ಕೊಡಗಿನ ಮಗು ತಾಳಕ್ಕೆ ಹೊಸಬನೇನಲ್ಲ. ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ನಲ್ಲಿ ನಾಲ್ವರು ದುಡಿ ಹಿಡಿದು ಕೂರುತ್ತಾರೆ, ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಸಂಗೀತದ ಮೇಷ್ಟ್ರು ಒಂದು ಸಾಲು ಹೇಳಿಕೊಟ್ಟು ಅದನ್ನೇ ಹೇಳಿಸುವ ಕ್ರಮಕ್ಕೂ ಇದಕ್ಕೂ ದೂರವಿಲ್ಲ. ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ, ದೀಪದ ಸುತ್ತ ಚೌರಿ ಹಿಡಿದು ಆಡುವ ಬೊಳಕಾಟ್, ಹೆಣ್ಣುಮಕ್ಕಳ ಉಮ್ಮತ್ತಾಟ್ ಇವುಗಳಲ್ಲಿ ಹೆಜ್ಜೆ ಹಾಕಿದ ಮಗುವಿಗೆ ಸಮ (ತಾಳದ ಮೊದಲ ಪೆಟ್ಟು) ಎಲ್ಲಿ ಬೀಳುತ್ತದೆ ಎಂದು ಕಾಲಿಗೇ ಗೊತ್ತಿರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹಿಸಿಕೊಟ್ಟ ಹಾಡುಗಳನ್ನು ಮಗುವಿಗೆ ಹೇಳಿಕೊಡಬಲ್ಲ ಹಿರಿಯರು ಮನೆಯಲ್ಲಿದ್ದರೆ ಅದನ್ನು ಬಿಡಿಸಿ ಸಂಗೀತಕ್ಕೆ ಕಳಿಸುವುದರಲ್ಲಿ ಅರ್ಥವಿಲ್ಲ. ಎರಡೂ ನಡೆಯಲಿ. ‘ಶಾಸ್ತ್ರೀಯ’ ಎಂಬ ಪಟ್ಟ ಇದ್ದದ್ದು ಮೇಲು, ಇಲ್ಲದ್ದು ಕೀಳು ಎನ್ನುವ ಎಣಿಕೆ ಮಕ್ಕಳ ತಲೆಗೆ ಹೋಗಬಾರದು.

ಆರು ದಿನದ ಸಾಧಕಕ್ಕೆ (ಮನೆಯ ಅಭ್ಯಾಸಕ್ಕೆ) ದೊಡ್ಡ ಸಹಾಯ ಎಂದರೆ ಫೋನಿನ ರೆಕಾರ್ಡರ್. ಮೂರಡಿ ದೂರದಲ್ಲಿ ಫೋನಿಟ್ಟು, ತಂಬೂರಿಯೂ ಕೇಳುವಂತೆ ಒಂದೇ ನಿಮಿಷ ರೆಕಾರ್ಡ್ ಮಾಡುವುದು. ಪುಸ್ತಕದಲ್ಲಿ ವರಸೆ ಬರೆದಿಟ್ಟುಕೊಂಡು ಕೇಳುತ್ತ, ಏರಿದ ಸ್ವರದ ಮೇಲೆ ಮೇಲ್ಮುಖದ ಬಾಣ, ಇಳಿದದ್ದಕ್ಕೆ ಕೆಳಮುಖದ ಬಾಣ, ತಾಳ ಓಡಿದ ಕಡೆ ಒಂದು ಗೀಟು. ಗುರುಗಳು ಅದೇ ರೆಕಾರ್ಡಿಂಗ್ ಕೇಳಿ ತಮ್ಮ ಗುರುತು ಹಾಕುತ್ತಾರೆ. ಎರಡನ್ನೂ ಹೋಲಿಸಿದಾಗ ಮಗುವಿನ ಕಿವಿ ಎಷ್ಟು ಬೆಳೆದಿದೆ ಎಂದು ತಿಳಿಯುತ್ತದೆ. ಮೊದಮೊದಲು ಮಗು ಗುರುತಿಸುವುದು ಮೇಲಿನ ಷಡ್ಜ ಮುಟ್ಟದಿದ್ದುದನ್ನು ಮಾತ್ರ. ಇಳಿಯುವಾಗ ಗಾಂಧಾರ (ಗ) ತಗ್ಗುವುದು ತುಂಬ ತಡವಾಗಿ ಕೇಳಿಸುತ್ತದೆ.

ಆನ್‌ಲೈನ್ ತರಗತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಬ್ಬರೂ ಒಟ್ಟಿಗೆ ತಾಳ ಹಾಕಲು ಆಗದು, ದನಿ ತಲುಪುವಷ್ಟರಲ್ಲಿ ಒಂದು ಅಕ್ಷರ ತಪ್ಪಿರುತ್ತದೆ. ವಿಡಿಯೊ ಕರೆಯ ಆ್ಯಪ್‌ಗಳು ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ತಿಳಿದು ತಂಬೂರಿಯನ್ನೇ ಅಳಿಸಿಹಾಕುತ್ತವೆ. ಸೆಟ್ಟಿಂಗ್‌ನಲ್ಲಿ ಗದ್ದಲ ತಡೆಯುವ ಆಯ್ಕೆಯನ್ನು ಆಫ್ ಮಾಡಬೇಕು. ಮಳೆಗೆ ಕರೆಂಟೂ ನೆಟ್‌ವರ್ಕೂ ಹೋದ ವಾರ ರೆಕಾರ್ಡಿಂಗ್ ಕಳಿಸುವುದೇ ಸರಿ.

ಗಂಡುಹುಡುಗರ ಗಂಟಲು ಒಡೆಯುವ ಹೊತ್ತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹನ್ನೆರಡರಿಂದ ಹದಿನೈದರ ನಡುವೆ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವಾಗಿ, ದನಿ ಸುಮಾರು ಒಂದು ಸ್ಥಾಯಿ (ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗಿನ ದೂರ) ಕೆಳಗಿಳಿಯುತ್ತದೆ. ನಿನ್ನೆ ಮುಟ್ಟುತ್ತಿದ್ದ ಮೇಲಿನ ಷಡ್ಜ ಇವತ್ತು ಒಡೆದು ಬರುತ್ತದೆ, ಹುಡುಗಿಯರ ಜೊತೆ ಅದೇ ಶ್ರುತಿಯಲ್ಲಿ ಕೂರಿಸಿದರೆ ಹುಡುಗ ನಾಚಿ ಸಂಗೀತವನ್ನೇ ಬಿಡುತ್ತಾನೆ. ಕೊಡಗಿನ ಸಂಗೀತ ತರಗತಿಗಳಲ್ಲಿ ಹೈಸ್ಕೂಲಿನ ಹುಡುಗರು ಕಾಣುವುದು ಕಡಿಮೆ ಎನ್ನುವುದಕ್ಕೆ ಹಾಕಿ, ಕ್ರಿಕೆಟ್ ಅಷ್ಟೇ ಕಾರಣವಲ್ಲ. ಮಾಡಬೇಕಾದ್ದು ಇಷ್ಟು: ಎರಡು ಮೂರು ವಾರಕ್ಕೊಮ್ಮೆ ಅವನ ಶ್ರುತಿ ನೋಡುವುದು, ಐದರಿಂದ ನಾಲ್ಕಕ್ಕೆ, ಮೂರಕ್ಕೆ, ಕೊನೆಗೆ ಒಂದು ಎರಡು ಮನೆಯ ಆಸುಪಾಸಿಗೆ ಇಳಿಸುತ್ತ ಬರುವುದು. ಈ ಅವಧಿಯಲ್ಲಿ ಮಂದ್ರ ಪಂಚಮದಿಂದ ಮಧ್ಯ ಪಂಚಮದೊಳಗೆ ಮಾತ್ರ ಹಾಡಿಸುವುದು. ತಾರಸ್ಥಾಯಿಗೆ ಒತ್ತಾಯಿಸಬಾರದು. ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಕೊನ್ನಕೋಲು (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು) ಅಥವಾ ಮೃದಂಗ ಕಲಿಸಿದರೆ ಹುಡುಗ ಉಳಿಯುತ್ತಾನೆ. ಏಳು ತಾಳ, ಲಘುವಿನ ಅಳತೆಯ ಐದು ಜಾತಿ ಸೇರಿ ಮೂವತ್ತೈದು ತಾಳಗಳನ್ನು ಕೈಯಲ್ಲಿ ಹಾಕಲು ಕಲಿಯುವುದಕ್ಕೆ ಒಡೆದ ಗಂಟಲು ಅಡ್ಡಿಯಲ್ಲ.

ಭರತನಾಟ್ಯಕ್ಕೆ ಬಂದರೆ ಕಿವಿಯ ಜಾಗದಲ್ಲಿ ಮಂಡಿ ಮತ್ತು ಬೆನ್ನು ಬರುತ್ತವೆ. ಮಂಡಿ ಅರ್ಧ ಬಾಗಿಸಿ ನಿಲ್ಲುವ ಅರಮಂಡಿ ಎಂದರೆ ಕಾಲು ಅಗಲಿಸಿ ಕುಕ್ಕರಿಸುವುದು ಎಂದು ತಿಳಿದವರೇ ಹೆಚ್ಚು. ತಿರುವು ಸೊಂಟದ ಕೀಲಿನಿಂದ ಶುರುವಾಗಬೇಕು. ಸೊಂಟ ಎಷ್ಟು ತಿರುಗುತ್ತದೋ ಪಾದವೂ ಅಷ್ಟೇ ತಿರುಗಬೇಕು. ಹಿಮ್ಮಡಿಗಳ ನಡುವೆ ಕೆಲವೇ ಬೆರಳಿನ ಅಂತರ, ಬೆನ್ನು ನೇರ, ಮಂಡಿ ಬಾಗಿದಾಗ ಪಾದದ ಬೆರಳುಗಳ ದಿಕ್ಕಿನಲ್ಲೇ ನಿಲ್ಲಬೇಕು. ಪಾದವನ್ನು ಬಲವಂತವಾಗಿ ಪಕ್ಕಕ್ಕೆ ತಿರುಗಿಸಿ ಮಂಡಿ ಮಾತ್ರ ಮುಂದಕ್ಕೆ ಬಿದ್ದರೆ ಮಂಡಿಯ ಒಳಬದಿಗೆ ತಿರುಚು ಬೀಳುತ್ತದೆ, ವರ್ಷದೊಳಗೆ ನೋವು ಬರುತ್ತದೆ. ಪರೀಕ್ಷಿಸಲು ಗೋಡೆ ಸಾಕು: ತಲೆಯ ಹಿಂಭಾಗ, ಹೆಗಲು, ಪೃಷ್ಠ ಮೂರೂ ಗೋಡೆಗೆ ತಾಗುವಂತೆ ನಿಂತು ನಿಧಾನ ಕೆಳಗೆ ಜಾರುವುದು. ಎಲ್ಲಿ ಬೆನ್ನು ಗೋಡೆ ಬಿಡುತ್ತದೋ, ಇಲ್ಲವೇ ಹಿಮ್ಮಡಿ ಏಳುತ್ತದೋ, ಆ ಮಗುವಿನ ಇಂದಿನ ಅರಮಂಡಿ ಅದಕ್ಕಿಂತ ಒಂದಂಗುಲ ಮೇಲೆ. ಆಳ ತಿಂಗಳುಗಳಲ್ಲಿ ಬರುತ್ತದೆ.

ನೆಲವೂ ಅಷ್ಟೇ ಮುಖ್ಯ. ಅಡವು ಎಂದರೆ ನೃತ್ಯದ ಮೂಲ ಹೆಜ್ಜೆ; ಅದರಲ್ಲಿ ತಟ್ಟಡವು ಎಂದರೆ ಪೂರ್ತಿ ಪಾದದಿಂದ ತಟ್ಟುವುದು, ಮೂರು ಕಾಲದಲ್ಲೂ. ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಕಿದ ನೆಲ ಒಂದಿಷ್ಟೂ ಬಾಗುವುದಿಲ್ಲ, ಪೆಟ್ಟು ಕಣಕಾಲಿನ ಮೂಳೆಗೆ ಹಿಂದಿರುಗುತ್ತದೆ. ಕಂಬಳಿ, ಕಾರ್ಪೆಟ್ ಹಾಸಿದರೆ ಪಾದ ಜಾರದೆ ಹಿಡಿದುಕೊಂಡು ಮಂಡಿ ತಿರುಚುತ್ತದೆ, ಅದು ಇನ್ನೂ ಕೆಟ್ಟದ್ದು. ಹಳೆಯ ಮನೆಯ ಮರದ ಹಲಗೆಯ ಅಟ್ಟ ಗಟ್ಟಿಯಾಗಿದ್ದರೆ ಅದಕ್ಕಿಂತ ಒಳ್ಳೆಯ ನೆಲ ಬೇರೆ ಇಲ್ಲ. ಇಲ್ಲದವರು 18 ಮಿಲಿಮೀಟರ್ ದಪ್ಪದ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆಯೊಂದನ್ನು ತೆಳು ರಬ್ಬರ್ ಚಾಪೆಯ ಮೇಲೆ ಹಾಕಿಕೊಳ್ಳಬಹುದು. ಒಬ್ಬ ಮಗುವಿನ ಅಡವು ಅಭ್ಯಾಸಕ್ಕೆ ಅಷ್ಟು ಜಾಗ ಸಾಕು. ಮಳೆಗಾಲದ ಥಂಡಿಯಲ್ಲಿ ಮೈ ಬಿಸಿಯಾಗದೆ ಅರಮಂಡಿಗೆ ಇಳಿಯಲೇಬಾರದು. ಹತ್ತು ನಿಮಿಷ ನಡಿಗೆ, ಸೊಂಟ ಮತ್ತು ಕಣಕಾಲಿನ ತಿರುವುಗಳು ಮೊದಲು. ತಂಡಿಯಲ್ಲಿ ಮರಗಟ್ಟಿದ ಸ್ನಾಯು ಎಳೆದರೆ ಮೂರು ವಾರ ಕೂರಬೇಕು.

ದೊಡ್ಡ ಕನ್ನಡಿಯ ಮುಂದೆಯೇ ಕಲಿಯುವುದು ಈಗ ರೂಢಿ. ಕನ್ನಡಿ ಬೇಕು, ಅರ್ಧ ಹೊತ್ತು ಮಾತ್ರ. ಕನ್ನಡಿ ನೋಡಿ ಮೊಣಕೈ ಎತ್ತಿದ ಮಗುವಿಗೆ ವೇದಿಕೆಯಲ್ಲಿ ಮೊಣಕೈ ಎಲ್ಲಿದೆ ಎಂದು ತಿಳಿಯುವುದಿಲ್ಲ. ಉಳಿದರ್ಧ ಬೆನ್ನು ಹಾಕಿ ಆಡಿ, ನಡುವೆ ತಟ್ಟನೆ ನಿಂತು, ‘ಕೈ ಹೆಗಲ ಮಟ್ಟದಲ್ಲಿದೆಯಾ?’ ಎಂದು ತನ್ನನ್ನೇ ಕೇಳಿಕೊಂಡು, ಆಮೇಲೆ ತಿರುಗಿ ನೋಡಬೇಕು. ಮೈಸೂರು ಪರಂಪರೆಯ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002) ಹೆಸರಾದದ್ದು ಅಭಿನಯಕ್ಕೆ. ಒಂದೇ ಸಾಲಿಗೆ ಮತ್ತೆ ಮತ್ತೆ ಬೇರೆ ಭಾವ ಹುಡುಕುವ ಆ ಕೆಲಸವೂ ಕನ್ನಡಿಯಲ್ಲಿ ಆಗುವುದಿಲ್ಲ. ಸಾಹಿತ್ಯದ ಅರ್ಥ ಗೊತ್ತಿರಬೇಕು. ತೆಲುಗಿನ ಪದಂ (ಅಭಿನಯದ ಹಾಡು) ಒಂದಕ್ಕೆ ಅರ್ಥ ತಿಳಿಯದೆ ಮುಖ ಮಾಡುವ ಮಗುವಿಗಿಂತ ಒಂದು ದೇವರನಾಮಕ್ಕೆ ತಿಳಿದು ಅಭಿನಯಿಸುವ ಮಗು ಮುಂದಿದೆ.

ವಾದ್ಯ ಕಲಿಯುವವರಿಗೆ ಕೊಡಗಿನ ಮಳೆ ಇನ್ನೊಬ್ಬ ಗುರು, ಸ್ವಲ್ಪ ಕ್ರೂರ. ಮೃದಂಗದ ಚರ್ಮ ತೇವ ಹೀರಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಎಡಮುಖಕ್ಕೆ ಮೆತ್ತಿದ ರವೆಯನ್ನು ನುಡಿಸಿದ ಕೂಡಲೇ ಪೂರ್ತಿ ತೆಗೆದು ಒರೆಸದಿದ್ದರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಚರ್ಮ ಕೊಳೆಯುತ್ತದೆ. ಒಣಗಲಿ ಎಂದು ಒಲೆಯ ಮೇಲೆ ತೂಗುಹಾಕುವವರಿದ್ದಾರೆ. ಹಾಗೆ ಮಾಡಿದರೆ ಬಲಮುಖದ ನಡುವಿನ ಕಪ್ಪು ಲೇಪ, ಕರಣೆ, ಬಿರುಕು ಬಿಡುತ್ತದೆ. ದಪ್ಪ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರಗೋಡೆಗೆ ತಾಗದ ಕಡೆ ಇಡಬೇಕು. ಪೊಟ್ಟಣ ತೇವ ಕುಡಿದು ಮುಗಿದ ಮೇಲೆ ಬದಲಿಸಬೇಕು. ಪಿಟೀಲಿನ ಬಿರಡೆ ಮಳೆಯಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಬಲವಾಗಿ ತಿರುಗಿಸಿದರೆ ಮುರಿಯುತ್ತದೆ. ಅದೇ ಬಿರಡೆ ಫೆಬ್ರವರಿಯ ಒಣಹವೆಯಲ್ಲಿ ಜಾರುತ್ತದೆ, ಆಗ ಚಿಟಿಕೆ ಸೀಮೆಸುಣ್ಣ ಸವರಬೇಕು. ಬಿಲ್ಲಿನ ಕೂದಲು ತೇವಕ್ಕೆ ಉದ್ದವಾಗುವುದರಿಂದ ನುಡಿಸಿದ ಮೇಲೆ ತಿರುಪು ಸಡಿಲಿಸುವುದನ್ನು ಮರೆಯಬಾರದು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲು ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆ ಬಿಟ್ಟರೆ ಮೆಟ್ಟಿಲು ಜರುಗಿ ಸ್ವರಸ್ಥಾನವೇ ಕೆಡುತ್ತದೆ, ಕಿವಿ ಪಳಗದ ಮಗು ಆ ತಪ್ಪು ಸ್ವರವನ್ನೇ ಕಲಿಯುತ್ತ ಹೋಗುತ್ತದೆ.

ಆದರೂ ಸಾಧಕಕ್ಕೆ ಮಳೆಗಾಲಕ್ಕಿಂತ ಒಳ್ಳೆಯ ಕಾಲ ಇಲ್ಲಿಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ, ನೆಂಟರಿಲ್ಲ, ನಾಟಿ ಬಿಟ್ಟರೆ ಹೊರಗೆ ಹೋಗುವ ಹಾಗಿಲ್ಲ. ಶಾಲೆಗೂ ಆಗಾಗ ಮಳೆ ರಜೆ. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಕೊಯ್ಲು ಶುರುವಾದರೆ ಮನೆಯವರಿಗೆ ಮಗುವನ್ನು ತರಗತಿಗೆ ಕರೆದೊಯ್ಯಲು ಪುರುಸೊತ್ತಿಲ್ಲ, ಅದರ ಹಿಂದೆಯೇ ಪರೀಕ್ಷೆ. ಹೊಸ ಪಾಠವನ್ನು ಜೂನ್‌ನಿಂದ ಅಕ್ಟೋಬರಿನೊಳಗೆ ಮುಗಿಸಿ, ಕೊಯ್ಲಿನ ತಿಂಗಳುಗಳನ್ನು ಹಳೆಯದನ್ನು ಗಟ್ಟಿ ಮಾಡಲು ಇಟ್ಟುಕೊಳ್ಳುವ ಗುರುಗಳ ಮಕ್ಕಳು ಕೈಬಿಟ್ಟು ಹೋಗುವುದು ಕಡಿಮೆ. ಯಾವ ತಿಂಗಳೇ ಆಗಲಿ, ಭಾನುವಾರದ ಎರಡು ಗಂಟೆಗಿಂತ ದಿನದ ಇಪ್ಪತ್ತು ನಿಮಿಷ ಮೇಲು.

ವೇದಿಕೆ, ಪರೀಕ್ಷೆಗಳ ವಿಷಯ. ಮಡಿಕೇರಿ ದಸರಾ, ಗೋಣಿಕೊಪ್ಪ ದಸರಾ ವೇದಿಕೆಗಳಲ್ಲಿ ಮಕ್ಕಳಿಗೆ ಅವಕಾಶ ಸಿಗುತ್ತದೆ, ಸಿಗಲಿ. ಆದರೆ ಆಗಸ್ಟಿನಿಂದಲೇ ತರಗತಿಯನ್ನೆಲ್ಲ ಏಳು ನಿಮಿಷದ ಒಂದು ನೃತ್ಯಕ್ಕೆ ಮೀಸಲಿಟ್ಟರೆ ಅಡವು ಸವೆದುಹೋಗುತ್ತದೆ. ಸಂಗೀತ, ನೃತ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಂದ ಪಾಠಕ್ಕೆ ಒಂದು ಅಳತೆ ಸಿಗುತ್ತದೆ, ಅಷ್ಟು ಸಾಕು. ಸರಳೆ ವರಸೆ ಮೂರು ಕಾಲದಲ್ಲಿ ಬಾರದ ಮಗುವಿಗೆ ವರ್ಣ ಎಂಬ ಮುಂದಿನ ಹಂತದ ರಚನೆ ಬಾಯಿಪಾಠ ಮಾಡಿಸಿ ಜೂನಿಯರ್‌ಗೆ ಕೂರಿಸುವುದು ಕೇವಲ ಪ್ರಮಾಣಪತ್ರದ ಆಸೆ. ರಂಗಪ್ರವೇಶದ ಖರ್ಚು ಕೇಳಿ ಹೆದರುವ ತಂದೆ ತಾಯಿಗೆ ಒಂದು ಮಾತು: ಮೊದಲ ನೃತ್ಯ ಅಲರಿಪಿನಿಂದ ಕೊನೆಯ ತಿಲ್ಲಾನದವರೆಗೆ ಎರಡು ಗಂಟೆಗೂ ಮೀರಿದ ಕಾರ್ಯಕ್ರಮ, ಹಿಮ್ಮೇಳ, ಸಭಾಂಗಣ, ಊಟ ಇವು ಕಲಿಕೆಯ ಭಾಗವಲ್ಲ. ಊರ ದೇವಸ್ಥಾನದ ಹಬ್ಬದಲ್ಲಿ ಒಂದು ಅಲರಿಪು, ಒಂದು ಪದಂ, ಇಪ್ಪತ್ತು ನಿಮಿಷ ಆಡಿದರೂ ಮಗು ನರ್ತಕಿಯೇ. ಹತ್ತರಿಂದ ಹದಿನಾಲ್ಕು ವರ್ಷದೊಳಗಿನವರು ಕೇಂದ್ರ ಸರ್ಕಾರದ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ಕೊಡಗಿನಲ್ಲಿ ಇದರ ಸುದ್ದಿ ತಿಳಿದವರು ಕಡಿಮೆ. ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳ ಮಟ್ಟಿಗಂತೂ ಈ ತರಗತಿಗಳ ಬಾಗಿಲು ಇನ್ನೂ ಮುಚ್ಚಿದಂತೆಯೇ ಇದೆ. ಸರ್ಕಾರಿ ಶಾಲೆಯಲ್ಲಿ ಒಂದು ತಂಬೂರಿ ಆ್ಯಪ್, ಒಂದು ಸ್ಪೀಕರ್, ವಾರಕ್ಕೆ ಒಂದು ಗಂಟೆ ಬಿಡುವಿರುವ ಒಬ್ಬ ಕಲಿತವರು ಇದ್ದರೆ ಸರಳೆ ವರಸೆಗೆ ಬೇರೇನೂ ಬೇಡ.

ಹತ್ತನೇ ತರಗತಿ ಮುಗಿದ ಮೇಲೆ ಇಲ್ಲಿನ ಮಕ್ಕಳಲ್ಲಿ ಬಹಳಷ್ಟು ಮಂದಿ ಮೈಸೂರಿಗೋ ಮಂಗಳೂರಿಗೋ ಪಿಯುಸಿಗೆ ಹೋಗಿ ಹಾಸ್ಟೆಲ್ ಸೇರುತ್ತಾರೆ. ಎಂಟು ವರ್ಷದ ಕಲಿಕೆ ನಿಲ್ಲುವುದು ಸಾಮಾನ್ಯವಾಗಿ ಆಗಲೇ. ಆ ಎರಡು ವರ್ಷ ಹೊಸತೇನೂ ಬೇಡ. ಹಾಡುವವರು ಬೆಳಿಗ್ಗೆ ಹತ್ತು ನಿಮಿಷ ಕಿವಿಗೆ ಇಯರ್‌ಫೋನ್ ಹಾಕಿ ತಂಬೂರಿ ಕೇಳುತ್ತ ಮೆಲುದನಿಯಲ್ಲಿ ಷಡ್ಜ, ಪಂಚಮ ಹಿಡಿದರೆ ಸಾಕು. ಮೆಲ್ಲಗೆ ಎಂದು ಪಿಸುಗುಟ್ಟಬಾರದು, ಅದು ಗಂಟಲಿಗೆ ಒಳ್ಳೆಯದಲ್ಲ. ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲೆ ತಾಳ ಹಾಕಿ ಕಲಿತ ವರ್ಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು, ಎಲ್ಲಿ ಮರೆತಿದೆ ಎಂದು ಆಗಲೇ ಗೊತ್ತಾಗುತ್ತದೆ. ನೃತ್ಯದವರಿಗೆ ಗೋಡೆಗೊರಗಿದ ಅರಮಂಡಿ, ಸೊಂಟದ ವ್ಯಾಯಾಮ ದಿನಕ್ಕೆ ಹತ್ತು ನಿಮಿಷ. ಹಾಸ್ಟೆಲಿನ ಟೈಲ್ಸ್ ಮೇಲೆ ತಟ್ಟಡವು ಬೇಡ, ಕೆಳಗಿನ ಕೋಣೆಯವರೂ ಒಪ್ಪುವುದಿಲ್ಲ. ರಜೆಗೆ ಬಂದವರು ಮೊದಲ ವಾರವೇ ಹಳೆಯ ವರ್ಣ ಎತ್ತಿಕೊಂಡು ಗಂಟಲು, ಮಂಡಿ ಕೆಡಿಸಿಕೊಳ್ಳುತ್ತಾರೆ. ಬಂದ ಹದಿನೈದು ದಿನ ಅರ್ಧ ಮನೆ ಕೆಳಗಿನ ಶ್ರುತಿಯಲ್ಲಿ ಜಂಟಿ ವರಸೆ, ಅಲಂಕಾರ ಮಾತ್ರ. ನೃತ್ಯಕ್ಕೆ ಒಂದು ಮತ್ತು ಎರಡನೇ ಕಾಲದ ಅಡವು. ವರ್ಣ ಅದರ ನಂತರ.